ಹಾವಿಗೂ ನುಸಿ ಕಾಟ!

ನಾಯಿಗೆ ಉಣ್ಣೆ, ಕೋಳಿಗೆ ಹೇನು, ತೆಂಗಿಗೆ ನುಸಿ. ಇವೆಲ್ಲ ನಮಗೆ ಗೊತ್ತು. ಆದರೆ ಹಾವಿನ ರಕ್ತ ಹೀರುವ ನುಸಿಯೂ ಇದೆ ಅಂದರೆ ನಂಬುತ್ತೀರಾ? ಸಾಸಿವೆಗಿಂತ ಚಿಕ್ಕದಾದ ಈ ಕಪ್ಪು ಚುಕ್ಕೆಯ ಹೆಸರು ಒಫಿಯೊನಿಸಸ್ ನ್ಯಾಟ್ರಿಸಿಸ್. ಹೆಸರು ಹೇಳೋದಕ್ಕಿಂತ ಅದನ್ನು ಓಡಿಸೋದು ಕಷ್ಟ!

ಬೆಂಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಒಂದು ಬಾಲ್ ಪೈಥಾನ್ ಸಾಕಿದ್ದಾನೆ. ಆಫ್ರಿಕಾ ಮೂಲದ, ವಿಷವಿಲ್ಲದ ಹಾವು. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ, ಅದಕ್ಕೇ ‘ಗುಂಡ’ ಅಂತ ಹೆಸರಿಟ್ಟಿದ್ದಾನೆ. ನಮ್ಮ ನೆಲದ ನಾಗರಹಾವು, ಕೇರೆ, ಹೆಬ್ಬಾವುಗಳನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಪ್ರಾಣಿಗಳನ್ನೂ 2024ರ ನಿಯಮದಂತೆ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಅಣ್ಣ ಅದನ್ನು ಮಾಡಿಸಿದ್ದಾನೆ.

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾನು ಅವರ ಮನೆಯಲ್ಲಿದ್ದಾಗ ಗುಂಡ ಊಟ ಬಿಟ್ಟಿತ್ತು. ಇಡೀ ದಿನ ನೀರಿನ ಬಟ್ಟಲಿನಲ್ಲೇ ಮಲಗಿರುತ್ತಿತ್ತು. ಬಟ್ಟಲಿನ ತಳದಲ್ಲಿ ಕಪ್ಪು ಚುಕ್ಕೆಗಳು, ಹುರುಪೆಗಳ ಮೇಲೆ ಬಿಳಿ ಧೂಳು. ಸರೀಸೃಪಗಳನ್ನು ನೋಡುವ ಪಶುವೈದ್ಯರು ನೋಡಿದ ತಕ್ಷಣ, ‘ನುಸಿ. ಬಿಟ್ಟರೆ ರಕ್ತಹೀನತೆಯಿಂದ ಸಾಯಬಹುದು’ ಅಂದರು. ಚಿಕ್ಕಮ್ಮ ಮಾತ್ರ, ‘ಹಾವಿನಿಂದ ದೋಷ ಬಂದ್ರೆ ಕುಕ್ಕೆಗೆ ಹೋಗ್ತೀವಿ, ಹಾವಿಗೇ ದೋಷ ಬಂದ್ರೆ ಎಲ್ಲಿಗೆ ಹೋಗೋದೋ?’ ಅಂತ ಕೇಳಿದರು.

ಹಾವಿನ ಮೈ ಒರೆಸಿದರೆ ಮುಗಿಯಿತು ಅಂದುಕೊಂಡವರು ಸೋಲುವುದು ಇಲ್ಲೇ. ಈ ನುಸಿಯ ಬದುಕಿನಲ್ಲಿ ಐದು ಹಂತಗಳಿವೆ: ಮೊಟ್ಟೆ, ಲಾರ್ವಾ, ಎರಡು ಮರಿ ಹಂತ, ಕೊನೆಗೆ ಪ್ರೌಢ. ಇವುಗಳಲ್ಲಿ ರಕ್ತ ಕುಡಿಯುವುದು ಮೊದಲ ಮರಿ ಹಂತ ಮತ್ತು ಪ್ರೌಢ ನುಸಿ ಮಾತ್ರ. ಹೊಟ್ಟೆ ತುಂಬಿದ ಹೆಣ್ಣು ಹಾವಿನಿಂದ ಇಳಿದು, ಪೆಟ್ಟಿಗೆಯ ಮೂಲೆ, ಮರದ ತುಂಡಿನ ಬಿರುಕಿನಂಥ ಕತ್ತಲೆ, ತೇವ ಇರುವ ಜಾಗದಲ್ಲಿ ಮೊಟ್ಟೆ ಇಡುತ್ತದೆ. ಅನುಕೂಲಕರ ಬಿಸಿ, ತೇವ ಇದ್ದರೆ ಎರಡು–ಮೂರು ವಾರದೊಳಗೆ ಹೊಸ ಪೀಳಿಗೆ ಸಿದ್ಧ. ಅಂದರೆ ಹಾವು ಅವುಗಳ ಹೋಟೆಲ್ ಅಷ್ಟೇ, ಮನೆ ಬೇರೆಯೇ ಇದೆ. ಹಾಸ್ಟೆಲ್‌ನಲ್ಲಿ ತಿಗಣೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಡ್‌ಶೀಟ್ ಒಗೆದರೆ ತಿಗಣೆ ಹೋಗುತ್ತಾ? ಮಂಚದ ಸಂದಿ ನೋಡಬೇಕು.

ಹಾಗಾಗಿ ಎರಡೂ ಕಡೆ ಒಟ್ಟಿಗೇ ಕೆಲಸ ಶುರು ಮಾಡಿದೆವು. ಗುಂಡನನ್ನು ಮುಚ್ಚಳವಿರುವ, ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಅಡಿಗೆ ಬಿಳಿ ಟಿಶ್ಯೂ ಹಾಸಿದೆವು. ಬಿಳಿ ಯಾಕೆಂದರೆ ನುಸಿ ಇದ್ದರೆ ತಕ್ಷಣ ಕಾಣುತ್ತದೆ. ವೈದ್ಯರು ಕೊಟ್ಟ ಔಷಧಿಯನ್ನು ಬಟ್ಟೆಗೆ ಹಾಕಿ, ಕಣ್ಣು ಬಾಯಿಗೆ ತಾಗದಂತೆ ಮೈ ಒರೆಸಿದೆವು. ಹಳೆಯ ತೆಂಗಿನ ನಾರಿನ ಪುಡಿಯನ್ನೆಲ್ಲ ಚೀಲಕ್ಕೆ ತುಂಬಿ, ಬಿಗಿಯಾಗಿ ಕಟ್ಟಿ ಹೊರಗೆ ಸಾಗಿಸಿದೆವು. ಪೆಟ್ಟಿಗೆಯ ಮೂಲೆಮೂಲೆಗೂ ಕುದಿಯುವ ನೀರು, ಸೋಪು, ಬ್ರಷ್. ತೊಳೆಯಲಾಗದ ಮರದ ತುಂಡನ್ನು ಎಸೆದೇಬಿಟ್ಟೆವು.

ಮೊಟ್ಟೆಗಳ ಮೇಲೆ ಹೆಚ್ಚಿನ ಔಷಧಿಗಳ ಆಟ ನಡೆಯುವುದಿಲ್ಲ. ಅವು ಒಡೆದು ಮರಿ ಬರುವವರೆಗೆ ಕಾದು ಮತ್ತೆ ಹೊಡೆಯಬೇಕು. ಆದ್ದರಿಂದ ಒಂದೇ ಸಲಕ್ಕೆ ನುಸಿ ಕಾಣದಿದ್ದರೂ ವೈದ್ಯರು ಹೇಳಿದ ದಿನಕ್ಕೆ ಔಷಧಿ ಮರುಕಳಿಸಿದೆವು. ಟಿಶ್ಯೂ ದಿನಾ ಬದಲಾಯಿಸಿ, ಚುಕ್ಕೆ ಎಣಿಸಿ ಡೈರಿಯಲ್ಲಿ ಬರೆದಿಟ್ಟೆವು. ಲ್ಯಾಬ್ ರೆಕಾರ್ಡ್ ಬರೆಯಲು ಸೋಮಾರಿತನ ಮಾಡುವ ನಾನು ಇದನ್ನು ಒಂದು ದಿನವೂ ತಪ್ಪಿಸಲಿಲ್ಲ! ಆರು ವಾರ ಹೀಗೇ ನಡೆಯಿತು. ರಜೆ ಮುಗಿದ ಮೇಲೆ ಅಣ್ಣ ಲೆಕ್ಕವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಿದ್ದ. ಐದನೇ ವಾರ ಗುಂಡ ಮತ್ತೆ ಊಟ ಮಾಡಿತು.

ಒಂದು ಎಚ್ಚರಿಕೆ. ನಾಯಿಗೆ ಹಾಕುವ ಔಷಧಿಯನ್ನು ಅಂದಾಜಿನ ಮೇಲೆ ಹಾವಿಗೆ ಹಾಕಬೇಡಿ, ಪ್ರಮಾಣ ಹೆಚ್ಚಾದರೆ ನುಸಿಗಿಂತ ಮೊದಲು ಹಾವೇ ಹೋಗುತ್ತದೆ. ಕೆಲವರು ಬಳಸುವ ಐವರ್ಮೆಕ್ಟಿನ್ ಆಮೆಗಳಿಗೆ ಪ್ರಾಣಾಂತಕ. ಬರೀ ನೀರಿನಲ್ಲಿ ನೆನೆಸಿದರೆ ಒಂದಷ್ಟು ನುಸಿ ಮುಳುಗುತ್ತವೆ, ಉಳಿದವು ಹಾವಿನ ತಲೆಯೇರಿ ಕೂರುತ್ತವೆ.

ಮತ್ತೆ ಬಾರದಂತೆ ತಡೆಯುವುದು ಹೇಗೆ? ಹೊಸ ಹಾವು ಬಂದರೆ ಎರಡು–ಮೂರು ತಿಂಗಳು ಬೇರೆ ಕೋಣೆಯಲ್ಲಿಡಬೇಕು. ಹಳೆಯ ಹಾವಿನ ಕೆಲಸ ಮೊದಲು, ಹೊಸದರದ್ದು ಕೊನೆಗೆ. ನುಸಿ ನಮ್ಮ ಕೈ, ಅಂಗಿಯ ಮೇಲೂ ಸವಾರಿ ಮಾಡುತ್ತದೆ. ಬೇರೆಯವರ ಹಾವು ಮುಟ್ಟಿ ಬಂದರೆ ಕೈ ತೊಳೆದು ಬಟ್ಟೆ ಬದಲಿಸಿಯೇ ನಮ್ಮದನ್ನು ಮುಟ್ಟಬೇಕು. ಇನ್ನೊಬ್ಬರು ಬಳಸಿದ ಪೆಟ್ಟಿಗೆ, ಮರದ ತುಂಡು ಅಗ್ಗಕ್ಕೆ ಸಿಕ್ಕರೂ ಹಾಗೇ ಒಳಗೆ ತರಬಾರದು.

ರೀಲ್ಸ್‌ನಲ್ಲಿ ಕೊರಳಿಗೆ ಹಾವು ಸುತ್ತಿಕೊಂಡವರನ್ನು ನೋಡಿ ‘ನನಗೂ ಒಂದು ಬೇಕು’ ಅನ್ನುವ ಗೆಳೆಯರಿಗೆ ನನ್ನದೊಂದು ಮಾತು. ಬಾಲ್ ಪೈಥಾನ್ 20 ವರ್ಷಕ್ಕೂ ಹೆಚ್ಚು ಬದುಕುತ್ತದೆ. ನಿಮ್ಮ ಡಿಗ್ರಿ, ಮೊದಲ ಕೆಲಸ, ಊರು ಬದಲಾವಣೆ, ಮದುವೆ ಎಲ್ಲದರಲ್ಲೂ ಅದು ಜೊತೆಗಿರುತ್ತದೆ. ನಾಯಿಯಂತೆ ನರಳಿ ಹೇಳುವುದಿಲ್ಲ, ನೀರಿನ ಬಟ್ಟಲಿನಲ್ಲಿ ಸುಮ್ಮನೆ ಮಲಗುತ್ತದೆ ಅಷ್ಟೇ. ಆ ಮೌನವನ್ನು ದಿನಾ ಗಮನಿಸುವಷ್ಟು ಪುರುಸೊತ್ತು ಇದ್ದರೆ ಮಾತ್ರ ಮುಂದುವರಿಯಿರಿ.