ಒಂದು ಗೇಣಿನ ಕಾರು, ಮಾವಿನ ಬಣ್ಣ



ಅಮೆರಿಕದಿಂದ ರಜೆಗೆ ಬಂದ ಅಣ್ಣನೋ ಭಾವನೋ ನಿಮ್ಮ ಮನೆಯ ಹುಡುಗರಿಗೆ ಒಂದು ಡಬ್ಬಿ ಕೊಟ್ಟುಹೋಗಿರಬಹುದು. ಮುಚ್ಚಳದ ಮೇಲೆ ಹಿಂದಿನ ಚಕ್ರದಿಂದ ಹೊಗೆ ಎಬ್ಬಿಸುತ್ತಿರುವ ಭಾರಿ ಕಾರಿನ ಚಿತ್ರ. ಆಸೆಯಿಂದ ತೆರೆದರೆ ಒಳಗೆ ಕಾರೇ ಇಲ್ಲ! ಬಿಳಿಯದೋ ಬೂದು ಬಣ್ಣದ್ದೋ ಪ್ಲಾಸ್ಟಿಕ್ ಚೌಕಟ್ಟುಗಳು, ಅವುಗಳಿಗೆ ಹುಣಸೆಕಾಯಿಯ ಹಾಗೆ ಅಂಟಿಕೊಂಡ ನೂರರ ಆಸುಪಾಸು ತುಂಡುಗಳು, ನಾಲ್ಕು ಕಪ್ಪು ಟೈರು, ಒಂದು ಸೂಚನೆಯ ಹಾಳೆ. ಎರಡು ದಿನ ಎಲ್ಲರೂ ನೋಡಿ, ಮೂರನೇ ದಿನ ಡಬ್ಬಿ ಅಟ್ಟ ಸೇರುತ್ತದೆ. ಈ ಸಲ ಅದನ್ನು ಕೆಳಗಿಳಿಸೋಣ.

ಮೊದಲು ಕಾರಿನ ಪರಿಚಯ. 1964ರಲ್ಲಿ ಪಾಂಟಿಯಾಕ್ ಕಂಪನಿ ತನ್ನ ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿಗೆ ದೊಡ್ಡ ಕಾರಿನ 6.4 ಲೀಟರ್ ಎಂಜಿನ್ ಕೂರಿಸಿ, ಜಿಟಿಓ ಎಂದು ಹೆಸರಿಟ್ಟು ಮಾರಿತು. ಮಸಲ್ ಕಾರುಗಳ ಭರಾಟೆ ಶುರುವಾದದ್ದು ಇದರಿಂದಲೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಡಾಡ್ಜ್, ಪ್ಲಿಮತ್, ಶೆವ್ರೊಲೆ, ಫೋರ್ಡ್ ಎಲ್ಲರೂ ಪೈಪೋಟಿಗೆ ಇಳಿದರು. ಹತ್ತು ವರ್ಷ ತುಂಬುವುದರೊಳಗೆ ಹೊಗೆಯ ಕಾನೂನು, ವಿಮೆಯ ಏರಿದ ದರ, 1973ರ ತೈಲ ಬಿಕ್ಕಟ್ಟು ಮೂರೂ ಸೇರಿ ಆಟ ಮುಗಿಸಿದವು. ಆ ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ಅಂಬಾಸಿಡರ್, ಫಿಯಟ್ ಓಡುತ್ತಿದ್ದವು ಎಂಬುದನ್ನು ನೆನಪಿಸಿಕೊಂಡರೆ ಆ ಕಾರುಗಳ ಗಾತ್ರ ಇನ್ನೂ ದೊಡ್ಡದಾಗಿ ಕಾಣುತ್ತದೆ.

ನಾವು ಉದಾಹರಣೆಗೆ 1970ರ ಡಾಡ್ಜ್ ಚಾರ್ಜರ್ ತೆಗೆದುಕೊಳ್ಳೋಣ. 2001ರ 'ದ ಫಾಸ್ಟ್ ಅಂಡ್ ದ ಫ್ಯೂರಿಯಸ್' ಚಿತ್ರದಲ್ಲಿ ಕಪ್ಪು ಬಣ್ಣದಲ್ಲಿ ಬಂತಲ್ಲ, ಅದೇ. ಉದ್ದ ಸುಮಾರು 5.28 ಮೀಟರ್. ನಮ್ಮ ಮಾರುತಿ 800ಕ್ಕಿಂತ ಎರಡು ಮೀಟರಿನಷ್ಟು ಹೆಚ್ಚು. ಹಣ ಕೊಟ್ಟರೆ ಇದಕ್ಕೆ 'ಹೆಮಿ' ಎಂಬ ಎಂಟು ಸಿಲಿಂಡರಿನ, ಹತ್ತಿರ ಹತ್ತಿರ 7 ಲೀಟರಿನ ಎಂಜಿನ್ ಸಿಗುತ್ತಿತ್ತು. ಲೆಕ್ಕ ಹಾಕಿ ನೋಡಿ: ಅದರ ಒಂದೊಂದು ಸಿಲಿಂಡರ್ ಸುಮಾರು 870 ಸಿಸಿ. ಮಾರುತಿ 800ರ ಇಡೀ ಎಂಜಿನ್ನೇ 796 ಸಿಸಿ!

ಇಂಥ ಕಾರನ್ನು 25 ಪಟ್ಟು ಕುಗ್ಗಿಸಿದರೆ 21 ಸೆಂ.ಮೀ., ಅಂದರೆ ಸರಿಯಾಗಿ ಒಂದು ಗೇಣು. ಅಮೆರಿಕದ ಕಾರ್ ಕಿಟ್‌ಗಳಲ್ಲಿ 1:25 ಮತ್ತು 1:24 ಎಂಬ ಎರಡು ಅಳತೆಗಳೇ ಹೆಚ್ಚು. ಎಎಂಟಿ, ರೆವೆಲ್, ಮೊನೊಗ್ರಾಮ್, ಎಂಪಿಸಿ ಇವು ಈ ಲೋಕದ ಹಳೆಯ ಹೆಸರುಗಳು. ಜಪಾನಿನ ತಮಿಯಾ ಕೂಡ ಇದೆ, ಆದರೆ ಮಸಲ್ ಕಾರ್ ಬೇಕೆಂದರೆ ಅಮೆರಿಕದ ಡಬ್ಬಿಗಳನ್ನೇ ಹುಡುಕಬೇಕು.

ಈಗ ಮುಖ್ಯ ಮಾತು. ತುಂಡುಗಳನ್ನು ಅಂಟಿಸುವುದು ಕಷ್ಟವಲ್ಲ. ಹಾಳೆ ನೋಡಿಕೊಂಡು ಹತ್ತು ವರ್ಷದ ಮಕ್ಕಳೂ ಅಂಟಿಸುತ್ತಾರೆ. ಕಾರು ಕಾರಿನ ಹಾಗೆ ಕಾಣುತ್ತದೋ, ಜಾತ್ರೆಯ ಆಟಿಕೆಯ ಹಾಗೆ ಕಾಣುತ್ತದೋ ಎಂಬುದು ತೀರ್ಮಾನವಾಗುವುದು ಬಣ್ಣದಲ್ಲಿ. ಯಾಕೆಂದರೆ ಈ ಡಬ್ಬಿಯಲ್ಲಿ ಬಾಗಿಲು, ಚಕ್ರ, ಸೀಟು, ಸ್ಟಿಯರಿಂಗ್ ಎಲ್ಲವೂ 25 ಪಟ್ಟು ಕುಗ್ಗಿವೆ, ಬಣ್ಣ ಮಾತ್ರ ಕುಗ್ಗಿಲ್ಲ. ನೀವು ಮಾದರಿಯ ಮೇಲೆ 0.1 ಮಿ.ಮೀ. ದಪ್ಪ ಬಣ್ಣ ಬಳಿದಿರಿ ಅನ್ನಿ. ಕಣ್ಣಿಗೆ ಅದು ಏನೂ ಅಲ್ಲ. ಆದರೆ ನಿಜವಾದ ಕಾರಿನ ಲೆಕ್ಕಕ್ಕೆ ತಂದರೆ ಅದು 2.5 ಮಿ.ಮೀ. ದಪ್ಪ. ಹಳ್ಳಿಮನೆಯ ಗೋಡೆಗೆ ವರ್ಷ ವರ್ಷ ಬಳಿದ ಸುಣ್ಣದ ಪದರದಷ್ಟು! ಬಾಗಿಲ ಸಂದು ಮುಚ್ಚಿಹೋಗುತ್ತದೆ, ಮೈಮೇಲೆ ಕೊರೆದ ಹೆಸರಿನ ಅಕ್ಷರ ಕರಗಿದ ಮೇಣದ ಹಾಗೆ ಆಗುತ್ತದೆ. ಆದ್ದರಿಂದ ತೆಳುವಾಗಿ, ತೆಳುವಾಗಿ, ಮತ್ತೂ ತೆಳುವಾಗಿ. ಇನ್ನು ಮುಂದೆ ಹೇಳುವುದೆಲ್ಲ ಹೆಚ್ಚುಕಡಿಮೆ ಈ ಒಂದು ಮಾತಿನ ಸುತ್ತಲೇ ಇದೆ.

ಸೂಚನೆಯ ಹಾಳೆ ಸಾಮಾನ್ಯವಾಗಿ ಎಂಜಿನ್‌ನಿಂದ ಶುರುವಾಗುತ್ತದೆ. ನೀವು ಕಾರಿನ ಹೊರಮೈಯಿಂದ ಶುರುಮಾಡಿ. ಒಣಗಲು ಹೆಚ್ಚು ದಿನ ಬೇಕಾದದ್ದು ಅದಕ್ಕೇ. ಅದು ಒಣಗುತ್ತಿರುವಾಗ ಎಂಜಿನ್, ಸೀಟು, ಚಾಸಿ ಮುಗಿಸಬಹುದು. ಹೊರಮೈಯನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಅಚ್ಚಿನಿಂದ ಬಂದ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ನಂತರ ಬೆಳಕಿಗೆ ಹಿಡಿದು ನೋಡಿ. ಮಡ್‌ಗಾರ್ಡಿನ ಮೇಲೆ, ಛಾವಣಿಯ ಕಂಬಗಳ ಮೇಲೆ ಕೂದಲೆಳೆಯಂಥ ಗೆರೆ ಕಾಣುತ್ತದೆ. ಅಚ್ಚಿನ ಎರಡು ಭಾಗ ಸೇರಿದ ಗುರುತು ಅದು. 600 ನಂಬರಿನ ವಾಟರ್ ಪೇಪರ್ ಒದ್ದೆ ಮಾಡಿ ಉಜ್ಜಿ, ಆಮೇಲೆ 1000 ನಂಬರಿನದು. ಇದನ್ನು ಬಿಟ್ಟರೆ ಬಣ್ಣ ಹಚ್ಚಿದ ಮೇಲೆ ಆ ಗೆರೆ ಎದ್ದು ಕೂರುತ್ತದೆ.

ಯಾವ ಬಣ್ಣ? ಸಿನಿಮಾ ನೋಡಿದವರೆಲ್ಲ ಕಪ್ಪು ಬೇಕೆನ್ನುತ್ತಾರೆ. ಮೊದಲ ಕಾರಿಗೆ ಕಪ್ಪು ಬೇಡವೇ ಬೇಡ. ಒಂದು ಧೂಳಿನ ಕಣ, ಒಂದು ಗೀರು ಇದ್ದರೂ ಹೊಳೆಯುವ ಕಪ್ಪಿನಲ್ಲಿ ಅಡಗುವುದಿಲ್ಲ. 1970ರಲ್ಲಿ ಡಾಡ್ಜ್‌ನವರು ಬಣ್ಣಗಳಿಗೆ ಬಲು ತಮಾಷೆಯ ಹೆಸರಿಟ್ಟಿದ್ದರು. ನೇರಳೆಗೆ 'ಪ್ಲಮ್ ಕ್ರೇಜಿ', ಹಸಿರಿಗೆ 'ಸಬ್‌ಲೈಮ್', ಕಿತ್ತಳೆಗೆ 'ಗೋ ಮ್ಯಾಂಗೊ'. ನನ್ನ ಓಟು ಮಾವಿಗೇ. ಚಾರ್ಜರ್‌ನ ಅಗಲವಾದ ಮೈಗೆ ಅದು ಚೆನ್ನಾಗಿ ಒಪ್ಪುತ್ತದೆ, ಸಣ್ಣಪುಟ್ಟ ತಪ್ಪನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಒಂದೇ ಎಚ್ಚರಿಕೆ: ಹಳದಿ, ಕಿತ್ತಳೆ, ಕೆಂಪು ಬಣ್ಣಗಳಿಗೆ ಅಡಿಯದನ್ನು ಮುಚ್ಚುವ ಶಕ್ತಿ ಕಡಿಮೆ. ಬೂದು ಪ್ರೈಮರ್ ಮೇಲೆ ಹೊಡೆದರೆ ಮಾವು ಮಂಕಾಗುತ್ತದೆ, ಮಂಕು ಹೋಗಲೆಂದು ಮತ್ತೆ ಮತ್ತೆ ಹೊಡೆದು ದಪ್ಪ ಮಾಡಿಕೊಳ್ಳುತ್ತೀರಿ. ಅಡಿಗೆ ಬಿಳಿ ಪ್ರೈಮರ್ ಇರಲಿ.

ಮಿನುಗುವ ಮೆಟಾಲಿಕ್ ಬಣ್ಣ ಇಷ್ಟಪಡುವವರಿಗೂ ಒಂದು ಮಾತು. ನಿಜವಾದ ಕಾರಿಗೆ ಮಾಡಿದ ಮೆಟಾಲಿಕ್ ಬಣ್ಣದ ಮಿನುಗಿನ ಚೂರುಗಳೂ ಕುಗ್ಗಿರುವುದಿಲ್ಲ. ಗೇಣಿನ ಕಾರಿನ ಮೇಲೆ ಅವು ಗಣೇಶನ ಮಂಟಪದ ಜರಿ ಕಾಗದದ ಹಾಗೆ ಕಾಣುತ್ತವೆ. ಮಾದರಿಗಳಿಗೆಂದೇ ಮಾಡಿದ, ಸಣ್ಣ ಮಿನುಗಿನ ಬಣ್ಣ ಬೇಕು.

ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕಾರು, ಬೈಕಿನ ಸ್ಪ್ರೇ ಡಬ್ಬಿಗಳಲ್ಲಿ ಇನ್ನೊಂದು ಅಪಾಯವೂ ಇದೆ. ಅವುಗಳಲ್ಲಿ ಕೆಲವದರ ದ್ರಾವಕ ಲೋಹಕ್ಕೆ ಸರಿ, ಆದರೆ ಪಾಲಿಸ್ಟೈರೀನ್ ಎಂಬ ಈ ಪ್ಲಾಸ್ಟಿಕ್ಕನ್ನು ತಿಂದುಹಾಕುತ್ತದೆ. ಮೈಯೆಲ್ಲ ಒಣಗಿದ ಕೆರೆಯಂತೆ ಬಿರುಕು. ಯಾವುದೇ ಹೊಸ ಡಬ್ಬಿಯನ್ನು ಮೊದಲು ಪರೀಕ್ಷಿಸಿ. ಹಿಂದೆ ಇದಕ್ಕೆ ಪ್ಲಾಸ್ಟಿಕ್ ಚಮಚ ಬಳಸುತ್ತಿದ್ದರು. 2022ರ ಜುಲೈಯಿಂದ ಅವನ್ನು ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ. ಚಿಂತೆಯಿಲ್ಲ. ತುಂಡುಗಳನ್ನು ಕತ್ತರಿಸಿದ ಮೇಲೆ ಉಳಿಯುವ ಚೌಕಟ್ಟು ಇದೆಯಲ್ಲ, ಅದು ಕಾರಿನದೇ ಪ್ಲಾಸ್ಟಿಕ್. ಅದರ ಮೇಲೆ ಹೊಡೆದು ಒಂದು ದಿನ ಬಿಟ್ಟು ನೋಡಿ. ಉಗುರುಬಣ್ಣ ತೆಗೆಯುವ ಅಸಿಟೋನ್ ಅಂತೂ ಹತ್ತಿರವೂ ಬರಬಾರದು, ಪ್ಲಾಸ್ಟಿಕ್ ಕರಗಿ ಅಂಟಾಗುತ್ತದೆ.

ಇನ್ನು ಹೊಡೆಯುವ ಕ್ರಮ. ಖಾಲಿ ಬಾಟಲಿಯ ಮೂತಿಗೆ ಟೇಪ್ ಸುತ್ತಿ, ಕಾರಿನ ಛಾವಣಿ ಒಳಗಿನಿಂದ ಅದಕ್ಕೆ ಅಂಟುವ ಹಾಗೆ ಕೂರಿಸಿ. ಕೈ ತಾಗಿಸದೆ ತಿರುಗಿಸಬಹುದು. ಸ್ಪ್ರೇ ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಟ್ಟು ಚೆನ್ನಾಗಿ ಕುಲುಕಿ. ಕುದಿಯುವ ನೀರು, ಒಲೆ ಖಂಡಿತ ಬೇಡ, ಡಬ್ಬಿ ಸಿಡಿಯುತ್ತದೆ. 20-25 ಸೆಂ.ಮೀ. ದೂರದಿಂದ, ಕಾರಿನ ಆಚೆ ಶುರುಮಾಡಿ ಈಚೆ ನಿಲ್ಲಿಸಿ. ಕಾರಿನ ಮೇಲೆಯೇ ಶುರುಮಾಡಿದರೆ ಮೊದಲ ಹನಿಗಳು ದಪ್ಪನಾಗಿ ಬೀಳುತ್ತವೆ. ಮೊದಲ ಎರಡು ಸುತ್ತು ಮಂಜು ಕವಿದಷ್ಟೇ ಇರಲಿ. ಅಡಿಯ ಬಿಳಿ ಕಂಡರೂ ಗಾಬರಿ ಬೇಡ. ನಡುವೆ ಹತ್ತು ಹದಿನೈದು ನಿಮಿಷ ಬಿಡಿ. ಕೊನೆಯ ಸುತ್ತು ಮಾತ್ರ ಮೈ ಒದ್ದೆಯಾಗಿ ಹೊಳೆಯುವಷ್ಟು. ಸೋರುವುದಕ್ಕೆ ಒಂದು ಕ್ಷಣ ಮೊದಲು ನಿಲ್ಲಿಸಬೇಕು. ಆ ಕ್ಷಣ ಯಾವುದೆಂದು ಬರೆದು ತಿಳಿಸಲಾಗದು, ದೋಸೆ ತಿರುವುವ ಹದದ ಹಾಗೆ ಅದು ಕೈಗೇ ಬರಬೇಕು.

ಇಲ್ಲಿ ನಿಮ್ಮ ಊರಿನ ಹವೆಯ ಪ್ರಶ್ನೆ ಬರುತ್ತದೆ. ಮುಂಬಯಿಯ ಮಳೆಗಾಲದಲ್ಲಿ, ಚೆನ್ನೈನ ಸೆಕೆಯಲ್ಲಿ ಲ್ಯಾಕರ್ ಬಣ್ಣ ಹೊಡೆದರೆ ಹಾಲು ಚೆಲ್ಲಿದಂತೆ ಬಿಳಿಚಿಕೊಳ್ಳಬಹುದು. ದ್ರಾವಕ ವೇಗವಾಗಿ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಇಬ್ಬನಿಯಂತೆ ಕೂರುತ್ತದೆ. ಫ್ರಿಜ್‌ನಿಂದ ತೆಗೆದ ಬಾಟಲಿ ಬೆವರುವುದೂ ಇದೇ ರೀತಿ. ಮಳೆ ಬಿಟ್ಟು ಬಿಸಿಲು ಬಂದ ದಿನಕ್ಕೆ ಕಾಯುವುದೇ ಲೇಸು. ಪುಣೆ, ಹೈದರಾಬಾದಿನ ಏಪ್ರಿಲ್ ಬಿಸಿಲಿನಲ್ಲಿ ಇದರ ತದ್ವಿರುದ್ಧ: ಬಣ್ಣದ ಹನಿ ಕಾರು ಮುಟ್ಟುವ ಮೊದಲೇ ಅರ್ಧ ಒಣಗಿ, ಮೈ ರವೆ ಉದುರಿಸಿದಂತೆ ಒರಟಾಗುತ್ತದೆ. ಅಲ್ಲಿ ಬೆಳಗಿನ ಹೊತ್ತು ಒಳ್ಳೆಯದು, ಸ್ವಲ್ಪ ಹತ್ತಿರದಿಂದ ಹೊಡೆಯಿರಿ. ದೆಹಲಿಯವರಿಗೆ ಧೂಳೇ ಶತ್ರು. ನೆಲಕ್ಕೆ ನೀರು ಚಿಮುಕಿಸಿ, ಹೊಡೆದ ತಕ್ಷಣ ಕಾರಿನ ಮೇಲೆ ದೊಡ್ಡ ಡಬರಿ ಬೋರಲು ಹಾಕಿ, ಅಂಚಿಗೆ ಒಂದು ಪೆನ್ಸಿಲ್ ಕೊಟ್ಟು ಗಾಳಿಯಾಡಲು ಬಿಡಿ.

ಆದರೆ ಎಲ್ಲಿ ಹೊಡೆಯುತ್ತೀರಿ? ಒಂದು ಹಾಲ್, ಒಂದು ಅಡುಗೆಮನೆಯ ಫ್ಲ್ಯಾಟಿನಲ್ಲಿ ಇರುವವರು ದಯವಿಟ್ಟು ಇದನ್ನು ಎರಡು ಸಲ ಓದಿ. ಸ್ಪ್ರೇಯ ಆವಿಗೆ ಬೆಂಕಿ ಹತ್ತುತ್ತದೆ. ಗ್ಯಾಸ್ ಒಲೆ ಉರಿಯುತ್ತಿದ್ದರೆ, ದೇವರ ಮುಂದೆ ದೀಪ ಇದ್ದರೆ, ಊದುಬತ್ತಿ ಹಚ್ಚಿದ್ದರೆ ಡಬ್ಬಿ ಮುಟ್ಟಬೇಡಿ. ತಾರಸಿಯೋ ತೆರೆದ ಬಾಲ್ಕನಿಯೋ ಸರಿಯಾದ ಜಾಗ, ಪಕ್ಕದ ಮನೆಯವರ ಒಣಗಿದ ಬಟ್ಟೆ ನೋಡಿಕೊಂಡು. ಧೂಳು ತಡೆಯುವ ಬಟ್ಟೆಯ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇದ್ದಿಲ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಸ್ಪ್ರೇ ಕೆಲಸ ದೊಡ್ಡವರದು, ಮಕ್ಕಳದಲ್ಲ. ಮಕ್ಕಳಿಗೆ ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಬಣ್ಣ, ಬ್ರಷ್ ಕೊಟ್ಟು ಸೀಟು, ಎಂಜಿನ್ ಒಪ್ಪಿಸಿ. ನಿಜ ಹೇಳಬೇಕೆಂದರೆ ಅದೇ ಹೆಚ್ಚು ಮಜಾ ಕೊಡುವ ಕೆಲಸ. ಹೆಮಿ ಎಂಜಿನ್ನಿನ ಮೈ ಕಿತ್ತಳೆ, ಮೇಲಿನ ಎರಡು ಅಗಲದ ಮುಚ್ಚಳ ಮಾಸಲು ಕಪ್ಪು.

ಹೊರಮೈ ಒಣಗಿತೋ ಇಲ್ಲವೋ ತಿಳಿಯಲು ಮುಟ್ಟಬೇಡಿ, ಮೂಸಿ ನೋಡಿ. ಬಣ್ಣದ ವಾಸನೆ ಬಂದರೆ ಇನ್ನೂ ಒಣಗಿಲ್ಲ. ಎನಾಮೆಲ್ ಆದರೆ ಒಂದು ವಾರವಾದರೂ ಬಿಡಿ. ಬೆರಳಚ್ಚು ಬಿದ್ದ ಕಾರುಗಳೆಲ್ಲ ಹೆಚ್ಚಾಗಿ ಎರಡನೇ ದಿನದ ಆತುರದಿಂದಲೇ ಹಾಗಾದವು. ಒಣಗಿದ ಮೇಲೆ ಕಿತ್ತಳೆ ಸಿಪ್ಪೆಯಂಥ ತರಿ ಕಂಡರೆ 2000 ನಂಬರಿನ ಪೇಪರ್‌ನಿಂದ ನೀರು ಹಾಕಿಕೊಂಡು ಹಗುರಾಗಿ ಉಜ್ಜಿ, ಪಾಲಿಶ್ ಹಾಕಿ. ಅಂಚುಗಳನ್ನು ಮಾತ್ರ ಉಜ್ಜಬೇಡಿ. ಅಲ್ಲಿ ಬಣ್ಣ ಎಲ್ಲಕ್ಕಿಂತ ತೆಳು, ಎರಡೇ ಎಳೆತಕ್ಕೆ ಬಿಳಿ ಇಣುಕುತ್ತದೆ.

ಕಿಟಕಿಯ ಸುತ್ತಲಿನ ಕ್ರೋಮ್ ಪಟ್ಟಿಗೆ ಬೆಳ್ಳಿ ಬಣ್ಣ ಬಳಿದರೆ ಅದು ಬೆಳ್ಳಿ ಬಣ್ಣದಂತೆಯೇ ಕಾಣುತ್ತದೆ, ಕ್ರೋಮ್‌ನಂತೆ ಅಲ್ಲ. ಬೇರ್ ಮೆಟಲ್ ಫಾಯಿಲ್ ಎಂಬ, ಹಿಂದೆ ಅಂಟಿರುವ ಅತಿ ತೆಳು ಲೋಹದ ಹಾಳೆ ಸಿಗುತ್ತದೆ. ಪಟ್ಟಿಯ ಮೇಲೆ ಹಾಸಿ, ಹತ್ತಿಕಡ್ಡಿಯಿಂದ ಒತ್ತಿ, ಹೊಸ ಬ್ಲೇಡಿನಿಂದ ಅಂಚು ಕೊರೆದು ಉಳಿದದ್ದನ್ನು ಎತ್ತಿಬಿಡುವುದು. ಬಂಪರಿನಂಥ ತುಂಡುಗಳು ಕ್ರೋಮ್ ಲೇಪವಾಗಿಯೇ ಬರುತ್ತವೆ. ಪ್ಲಾಸ್ಟಿಕ್ ಅಂಟು ಕೆಲಸ ಮಾಡುವುದು ಪ್ಲಾಸ್ಟಿಕ್ಕನ್ನು ತುಸು ಕರಗಿಸಿ ಬೆಸೆಯುವುದರಿಂದ. ಲೇಪದ ಮೇಲೆ ಅದು ಹಿಡಿಯದು. ಅಂಟಿಸುವ ಜಾಗದಲ್ಲಿ ಮಾತ್ರ ಕ್ರೋಮ್ ಕೆರೆದುಬಿಡಿ. ಬಣ್ಣ ಹಚ್ಚಿದ ತುಂಡುಗಳಿಗೂ ಇದೇ ನಿಯಮ.

ಗಾಜುಗಳಿಗೆ ಫೆವಿಕ್ವಿಕ್ ಜಾತಿಯ ಅಂಟು ಹಾಕಬೇಡಿ, ಅದರ ಆವಿಯೇ ಗಾಜಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ, ಒರೆಸಿದರೂ ಹೋಗದು. ಇದಕ್ಕೆ ನಮ್ಮ ಶಾಲೆಯ ದಿನಗಳ ಫೆವಿಕಾಲ್ ಸಾಕು. ಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ಹಚ್ಚಿ. ಒಣಗಿದರೆ ಕಾಣುವುದೇ ಇಲ್ಲ, ಹೆಚ್ಚಾದರೆ ಒದ್ದೆ ಹತ್ತಿಯಿಂದ ಒರೆಸಬಹುದು.

ಟೈರುಗಳ ಹೊಳಪನ್ನು ಉಪ್ಪುಕಾಗದದಿಂದ ಒಮ್ಮೆ ತೀಡಿ ತೆಗೆಯಿರಿ, ನಾಲ್ಕು ಮೈಲಿ ಓಡಿದ ಹಾಗೆ ಕಾಣುತ್ತವೆ. ಅಟ್ಟದಲ್ಲಿ ಹಳೆಯ ಡಬ್ಬಿ ಇದ್ದವರು ಟೈರುಗಳನ್ನು ಈಗಲೇ ಬೇರೆ ಚೀಲದಲ್ಲಿ ಹಾಕಿಡಿ. ಕೆಲವು ಕಿಟ್‌ಗಳ ಮೃದು ವಿನೈಲ್ ಟೈರುಗಳಿಂದ ಒಸರುವ ಅಂಶ, ಅವುಗಳಿಗೆ ತಾಗಿಕೊಂಡ ಗಾಜನ್ನೂ ಚಕ್ರವನ್ನೂ ವರ್ಷಗಳಲ್ಲಿ ಕರಗಿಸುತ್ತದೆ. ಮುಗಿದ ಕಾರನ್ನು ಪಡುವಣ ಕಿಟಕಿಯ ಬಿಸಿಲಿನಲ್ಲಿ ಇಡಬೇಡಿ. ಎಲ್ಲರಿಗೂ ಕಾಣಲೆಂದು ನಿಮ್ಮ ನಿಜವಾದ ಕಾರಿನ ಡ್ಯಾಶ್‌ಬೋರ್ಡ್ ಮೇಲಂತೂ ಬೇಡ. ಮೇ ತಿಂಗಳಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಒಂದು ಮಧ್ಯಾಹ್ನ ಸಾಕು, ಚಾರ್ಜರ್‌ನ ಛಾವಣಿ ಹಪ್ಪಳದಂತೆ ಸೊಟ್ಟಗಾಗಲು.