ಪಕ್ಕದ ನಕ್ಷತ್ರಕ್ಕೆ ಎಷ್ಟು ವರ್ಷದ ದಾರಿ?

ಮೇ ತಿಂಗಳ ರಾತ್ರಿ ಹತ್ತೂವರೆ ಹೊತ್ತಿಗೆ, ಮೋಡವಿಲ್ಲದಿದ್ದರೆ, ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ದೂರದ ತೆಂಗಿನ ಮರಗಳ ನೆತ್ತಿಯ ಮೇಲೆ ಎರಡು ನಕ್ಷತ್ರ ಅಕ್ಕಪಕ್ಕ ಹೊಳೆಯುತ್ತಿರುತ್ತವೆ. ಎಡಗಡೆಯದು ಆಲ್ಫಾ ಸೆಂಟಾರಿ. ಅದರ ಒಡನಾಡಿ ಪ್ರಾಕ್ಸಿಮಾ ಬರಿಗಣ್ಣಿಗೆ ಕಾಣದು. ಆದರೆ ಸೂರ್ಯನನ್ನು ಬಿಟ್ಟರೆ ನಮಗೆ ಎಲ್ಲಕ್ಕಿಂತ ಹತ್ತಿರದ ನಕ್ಷತ್ರ ಅದೇ. ದೂರ 4.24 ಜ್ಯೋತಿರ್ವರ್ಷ.

ಜ್ಯೋತಿರ್ವರ್ಷ ಎಂದರೆ ಕಾಲವಲ್ಲ, ದೂರ. ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡುವ ಬೆಳಕು ಒಂದು ವರ್ಷದಲ್ಲಿ ಸಾಗುವ ದಾರಿ ಅದು. ಲೆಕ್ಕ ಹಾಕಿದರೆ 9.46 ಲಕ್ಷ ಕೋಟಿ ಕಿ.ಮೀ.

ನಮ್ಮ ನೌಕೆಗಳ ವೇಗ ಎಷ್ಟು? 1977ರಲ್ಲಿ ಹೊರಟ ನಾಸಾದ ವಾಯೇಜರ್-1 ಸೆಕೆಂಡಿಗೆ 17 ಕಿ.ಮೀ. ಹೋಗುತ್ತಿದೆ. ಆ ವೇಗಕ್ಕೆ ಬೆಂಗಳೂರಿನಿಂದ ಮೈಸೂರು ಒಂಬತ್ತು ಸೆಕೆಂಡಿನ ದಾರಿ. ಪ್ರಾಕ್ಸಿಮಾದಷ್ಟು ದೂರಕ್ಕೆ ಮಾತ್ರ ಸುಮಾರು 75,000 ವರ್ಷ! ಸೂರ್ಯನ ಸಮೀಪಕ್ಕೆ ಹೋಗುವ ಪಾರ್ಕರ್ ನೌಕೆ 2024ರಲ್ಲಿ ಸೆಕೆಂಡಿಗೆ 192 ಕಿ.ಮೀ. ಮುಟ್ಟಿತಲ್ಲ ಎಂದು ನೀವು ಕೇಳಬಹುದು. ಅದು ಸೂರ್ಯನತ್ತ ಬೀಳುತ್ತಾ ಗಳಿಸಿದ ವೇಗ. ದೂರ ಸರಿಯುವಾಗ ಸೂರ್ಯನ ಸೆಳೆತವೇ ಅದನ್ನು ಮತ್ತೆ ತಗ್ಗಿಸುತ್ತದೆ.

ಬೆಳಕಿನ ವೇಗವನ್ನು ದಾಟಲಾಗದು ಎಂಬುದನ್ನು ಎಲ್ಲರೂ ಕೇಳಿದ್ದೇವೆ. ತೂಕವಿರುವ ಯಾವುದೇ ವಸ್ತುವನ್ನು ಆ ವೇಗಕ್ಕೆ ಒಯ್ಯಲು ಎಷ್ಟು ಶಕ್ತಿ ಸುರಿದರೂ ಸಾಲದು. ಆದರೆ ನನಗೆ ಕಾಣುವಂತೆ, ನಮ್ಮ ದಾರಿಗೆ ಅಡ್ಡ ನಿಂತಿರುವುದು ಆ ಮಿತಿಯಲ್ಲ. ಅದಕ್ಕೆ ಬಹಳ ಮೊದಲೇ ಖರ್ಚು ಅಡ್ಡ ಬರುತ್ತದೆ. ಒಂದೇ ಒಂದು ಕಿಲೋ ತೂಕವನ್ನು ಬೆಳಕಿನ ವೇಗದ ಹತ್ತನೇ ಒಂದು ಭಾಗಕ್ಕೆ ತರಬೇಕೆನ್ನಿ. ಒಂದಿಷ್ಟೂ ಪೋಲಾಗದಿದ್ದರೂ ಸುಮಾರು 12.5 ಕೋಟಿ ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಬೇಕು. ತಿಂಗಳಿಗೆ 100 ಯೂನಿಟ್ ಉರಿಸುವ ಒಂದು ಲಕ್ಷ ಮನೆಗಳಿಗೆ ಅದು ವರ್ಷಪೂರ್ತಿ ಸಾಕು. ನಕ್ಷತ್ರದ ಬಳಿ ನಿಲ್ಲಬೇಕಾದರೆ ವೇಗ ಇಳಿಸಲೂ ಇಂಧನ ಬೇಕು. ಆ ಇಂಧನವನ್ನೂ ಇಲ್ಲಿಂದಲೇ ಹೊತ್ತೊಯ್ಯಬೇಕು. ಹೊರೆ ಹೆಚ್ಚಿದಷ್ಟೂ ಅದನ್ನು ಎಬ್ಬಿಸಲು ಇನ್ನಷ್ಟು ಇಂಧನ. ರಾಕೆಟ್ಟಿನ ಬವಣೆಯೇ ಇದು.

ಇಂಧನವನ್ನೇ ಒಯ್ಯದೆ ಹೋದರೆ? 2016ರಲ್ಲಿ ಪ್ರಕಟವಾದ ಬ್ರೇಕ್‌ಥ್ರೂ ಸ್ಟಾರ್‌ಶಾಟ್ ಯೋಜನೆಯ ಆಲೋಚನೆ ಇದೇ. ಕೆಲವೇ ಗ್ರಾಂ ತೂಕದ ನೌಕೆ, ಅದಕ್ಕೊಂದು ತೆಳ್ಳನೆಯ ಹಾಯಿ. ನೆಲದಿಂದ ಲೇಸರ್, ಅಂದರೆ ಚದುರದಂತೆ ಒಟ್ಟುಗೂಡಿಸಿದ ಪ್ರಬಲ ಬೆಳಕು, ಆ ಹಾಯಿಯನ್ನು ತಳ್ಳಬೇಕು. ಬೆಳಕಿನ ಐದನೇ ಒಂದು ಭಾಗದ ವೇಗ ಸಿಕ್ಕರೆ ಇಪ್ಪತ್ತು ಚಿಲ್ಲರೆ ವರ್ಷಕ್ಕೆ ತಲುಪಬಹುದು. ಮೊದಲ ಹಂತದ ಸಂಶೋಧನೆಗೆಂದೇ ಘೋಷಿಸಿದ ಹಣ 10 ಕೋಟಿ ಡಾಲರ್. ಈ ನೌಕೆಗೆ ಬ್ರೇಕ್ ಇಲ್ಲ. ನಕ್ಷತ್ರದ ಪಕ್ಕದಲ್ಲೇ ಹಾದುಹೋಗುತ್ತಾ ಚಿತ್ರ ತೆಗೆಯಬೇಕು. ತೆಗೆದ ಚಿತ್ರ ನಮ್ಮ ಕೈಸೇರಲು ಮತ್ತೆ ನಾಲ್ಕು ವರ್ಷ ಕಾಯಬೇಕು.