ಹುಳು ಮನೆಯ ಜಾಗರಣೆ

ಶಿವರಾತ್ರಿಯಂದು ನಂದಿಯ ಭೋಗನಂದೀಶ್ವರನ ಸನ್ನಿಧಿಯಲ್ಲಿ ಜಾಗರಣೆ ಮಾಡುವವರು ವರ್ಷಕ್ಕೊಮ್ಮೆ ನಿದ್ದೆಗೆಡುತ್ತಾರೆ, ಅದಕ್ಕೆ ಪುಣ್ಯವುಂಟು. ಅಲ್ಲಿಂದ ಬಹಳ ದೂರವಲ್ಲದ ಶಿಡ್ಲಘಟ್ಟ, ಚಿಂತಾಮಣಿಯ ಸೀಮೆಯಲ್ಲಿ ವರ್ಷಕ್ಕೆ ಐದಾರು ಸಲ, ಒಂದೊಂದು ಸಲವೂ ವಾರದಷ್ಟು ಕಾಲ, ಮನೆಮಂದಿಯೆಲ್ಲ ಆಚರಿಸುವ ಇನ್ನೊಂದು ಜಾಗರಣೆ ಇದೆ. ಅದರ ಅಧಿದೇವತೆ ಬೆರಳುದ್ದದ ಒಂದು ಹುಳು.

ಮೊಟ್ಟೆಯೊಡೆದಂದಿನಿಂದ ಗೂಡು ಕಟ್ಟುವವರೆಗೆ ರೇಷ್ಮೆ ಹುಳುವಿನ ಬಾಳು ಸುಮಾರು 25 ದಿನ. ಅಷ್ಟರಲ್ಲಿ ಅದು ನಾಲ್ಕು ಸಲ ಪೊರೆ ಕಳಚುತ್ತದೆ. ರೈತರು ಅದನ್ನು ‘ಜ್ವರ’ ಎನ್ನುತ್ತಾರೆ. ಜ್ವರಕ್ಕೆ ಕುಳಿತ ಹುಳು ಮೇಯುವುದಿಲ್ಲ. ಆಗ ಸಾಕುವವರಿಗೂ ತುಸು ವಿರಾಮ. ನಾಲ್ಕನೆಯ ಜ್ವರದಿಂದ ಎದ್ದ ಮೇಲಿನ ಕಥೆಯೇ ಬೇರೆ. ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಪಾಲನ್ನು ಅದು ಕೊನೆಯ ಏಳೆಂಟು ದಿನಗಳಲ್ಲಿಯೇ ತಿಂದು ಮುಗಿಸುತ್ತದೆ. ರೈತರ ಮಾತಿನಲ್ಲಿ ಒಂದು ಮೊಟ್ಟೆಯೆಂದರೆ ಒಂದು ಚಿಟ್ಟೆ ಇಟ್ಟ ನಾನೂರರಷ್ಟು ತತ್ತಿ. ನೂರು ಮೊಟ್ಟೆ ಸಾಕುವ ಮನೆಯಲ್ಲಿ 40,000 ಬಾಯಿ!

ಬಿಡಿ ಸೊಪ್ಪು ಹಾಕುವ ಹಳೆಯ ಪದ್ಧತಿಯಲ್ಲಿ ದಿನಕ್ಕೆ ನಾಲ್ಕೈದು ಸಲ ಮೇವು. ಕೊನೆಯದು ನಡುರಾತ್ರಿಯ ಹೊತ್ತಿಗೆ, ಮೊದಲನೆಯದು ಕೋಳಿ ಕೂಗುವ ಮುನ್ನ. ಸೊಪ್ಪು ಬಿದ್ದೊಡನೆ ಮಾಡಿನ ಮೇಲೆ ಸೋನೆ ಸುರಿದಂತೆ ಸದ್ದು. ಇರುವೆ ಹತ್ತದಂತೆ ತಟ್ಟೆಯ ಸ್ಟ್ಯಾಂಡಿನ ಕಾಲುಗಳಿಗೆ ನೀರಿನ ಬಟ್ಟಲು ಇಡಬೇಕು, ಇಲಿ ಹಲ್ಲಿಗಳನ್ನು ಕಾಯಬೇಕು.

ಕಠಿನ ಪರೀಕ್ಷೆ ಹುಳು ‘ಹಣ್ಣಾದಾಗ’. ಮೈ ತಿಳಿಯಾಗಿ ಮಿನುಗಿ, ಮೇವು ಬಿಟ್ಟು, ತಲೆಯಾಡಿಸುತ್ತ ನೆಲೆ ಹುಡುಕುವ ಹುಳುವನ್ನು ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಅದು ಸೊಪ್ಪಿನ ಕಸದಲ್ಲಿಯೇ ನೂಲು ಚೆಲ್ಲುತ್ತದೆ. ಅವಸರದಲ್ಲಿ ಬಲಿಯದ ಹುಳು ಬಿಟ್ಟರೆ ಚಂದ್ರಿಕೆ ಹೊಲಸಾಗಿ ಗೂಡು ಕೆಡುತ್ತದೆ. ಎಲ್ಲವೂ ಒಂದೇ ಗಳಿಗೆಯಲ್ಲಿ ಹಣ್ಣಾಗುವುದೂ ಇಲ್ಲ. ದೀಪದ ಬೆಳಕಿನಲ್ಲಿ, ಎಳೆಯುವ ರೆಪ್ಪೆಗಳ ನಡುವೆ, ಈ ವಿವೇಚನೆ ನಡೆಯಬೇಕು. ರಾತ್ರಿ ಮೂರರ ಸುಮಾರಿಗೆ ಮನುಷ್ಯನ ಮೈಬಿಸಿ ಇಳಿದು ಗಮನ ಸಡಿಲುವುದು ದೇಹದೊಳಗಿನ ಗಡಿಯಾರದ ಕಟ್ಟಳೆ. ಆ ಗಡಿಯಾರದ ಗುಟ್ಟು ಬಿಡಿಸಿ 2017ರಲ್ಲಿ ನೊಬೆಲ್ ಪಡೆದ ಹಾಲ್, ರಾಸ್‌ಬಾಶ್, ಯಂಗ್ ಅವರಿಗೂ ಪಾಠ ಹೇಳಿದ್ದು ಒಂದು ಕೀಟವೇ, ಹಣ್ಣಿನ ನೊಣ. ಹುಳು ಮನೆಯವರು ಪ್ರಯೋಗಶಾಲೆಯನ್ನು ಕಾಯಲಿಲ್ಲ: ಮಧ್ಯಾಹ್ನ ಒಂದು ಕೋಳಿನಿದ್ದೆ, ರಾತ್ರಿ ಸರದಿ. ಸರದಿಯೆಂದರೂ ಹೆಚ್ಚಿನ ಪಾಲು ಹೆಂಗಸರದೇ. ಬೆಳಗಾದರೆ ಒಲೆ, ಕೊಟ್ಟಿಗೆಗಳೂ ಅವರವೇ.

ಬೆಳೆಯ ಲೆಕ್ಕದಲ್ಲಿ ಮೊಟ್ಟೆಯ ಬೆಲೆ, ಗೊಬ್ಬರ, ಕೂಲಿ, ಚಂದ್ರಿಕೆಯ ಬಾಡಿಗೆ ಎಲ್ಲವೂ ಬರುತ್ತವೆ. ಮನೆಯವರು ಕಳೆದುಕೊಂಡ ನಿದ್ದೆಯನ್ನು ಯಾವ ಕಾಲಂನಲ್ಲಿಯೂ ಕಂಡಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ನಾಡಿನಲ್ಲಿ ಕೊಳವೆಬಾವಿಗೆ ರಾತ್ರಿ ಕರೆಂಟು ಬಂದಾಗ ಹಿಪ್ಪುನೇರಳೆ ತೋಟಕ್ಕೆ ನೀರು ತಿರುಗಿಸಲು ಬ್ಯಾಟರಿ ಹಿಡಿದು ಹೊರಟವನ ರಾತ್ರಿಯೂ ಅಷ್ಟೆ.

ಈ ಹೊರೆಯನ್ನು ಇಳಿಸಿದ್ದು ಸಹನೆಯ ಹೊಗಳಿಕೆಯಲ್ಲ, ಪದ್ಧತಿಯ ಬದಲಾವಣೆ. ಎರಡನೆಯ ಜ್ವರದವರೆಗೆ ಮರಿಗಳನ್ನು ಚಾಕಿ ಕೇಂದ್ರಗಳೇ ಸಾಕಿಕೊಡುತ್ತವೆ. ಎಲೆ ಬಿಡಿಸದೆ ರೆಂಬೆಯನ್ನೇ ಹಾಸಿದರೆ ಸೊಪ್ಪು ಬೇಗ ಬಾಡದು. ದಿನಕ್ಕೆ ಎರಡು ಮೂರು ಮೇವು ಸಾಕು. ನಡುರಾತ್ರಿಯ ಮೇವು ಹಲವು ಮನೆಗಳಲ್ಲಿ ತಪ್ಪಿದೆ. ಹಣ್ಣು ಹುಳುವಿನ ರಾತ್ರಿ ಮಾತ್ರ ಇನ್ನೂ ಪೂರ್ತಿ ತಪ್ಪಿಲ್ಲ.

ಚಂದ್ರಿಕೆ ತುಂಬಿದ ಮೇಲೆ ಮನೆ ಮಲಗುತ್ತದೆ. ಐದಾರು ದಿನಕ್ಕೆ ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ದರೆ ಹರಾಜು. ಕೊಂಡ ರೀಲರಿಗೆ ಅಲ್ಲಿಂದ ಮುಂದೆ ಅವಸರ. ಒಳಗಿನ ಜೀವ ಚಿಟ್ಟೆಯಾಗಿ ಗೂಡು ತೂತಿಕ್ಕುವ ಮುನ್ನ ನೂಲು ತೆಗೆಯಬೇಕು. ಊರು ಏಳುವ ಮೊದಲೇ ಬಿಚ್ಚಾಣಿಕೆ ಮನೆಗಳಲ್ಲಿ ಒಲೆ ಹೊತ್ತಿ, ನೀರು ಕುದಿಯತೊಡಗಿರುತ್ತದೆ.